ಕಡ್ಡಿಯೊಳಗೆ ಕೂತು ಬಂದ ನಂಜು

ಮರಗೆಣಸಿನ ತವರು ದಕ್ಷಿಣ ಅಮೆರಿಕ. ಅಮೆಜಾನ್ ಕಾಡಿನ ನೈರುತ್ಯ ಅಂಚಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಬೆಳೆಯಾಗಿ ಮಾಡಿಕೊಂಡರು. ಆದರೆ ಈ ಬೆಳೆಯನ್ನು ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಂಡ ಮೊಸಾಯಿಕ್ ನಂಜುರೋಗ ಆ ಖಂಡದಲ್ಲಿ ಇಲ್ಲವೇ ಇಲ್ಲ. ಅದು ಇರುವುದು ಆಫ್ರಿಕದಲ್ಲಿ, ಭಾರತದಲ್ಲಿ, ಶ್ರೀಲಂಕಾದಲ್ಲಿ, ಈಚೆಗೆ ಕಾಂಬೋಡಿಯ, ವಿಯೆಟ್ನಾಂ, ಥಾಯ್ಲೆಂಡುಗಳಲ್ಲಿ. ಬೆಳೆ ಹುಟ್ಟಿದ್ದು ಒಂದು ಕಡೆ, ಅದರ ರೋಗ ಹುಟ್ಟಿದ್ದು ಸಾಗರದಾಚೆ ಮತ್ತೊಂದು ಕಡೆ.

16ನೇ ಶತಮಾನದಲ್ಲಿ ಪೋರ್ಚುಗೀಸರು ಮರಗೆಣಸನ್ನು ಪಶ್ಚಿಮ ಆಫ್ರಿಕದ ಕರಾವಳಿಗೆ ತಂದರು. ಪೂರ್ವ ಕರಾವಳಿಗೆ ಅದು ತಲುಪಿದ್ದು ಇನ್ನೂ ತಡವಾಗಿ. ಆಫ್ರಿಕದ ಕಾಡುಗಿಡಗಳಲ್ಲಿ ಆಗಲೇ ಕೆಲವು ವೈರಸ್‌ಗಳು ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿದ್ದವು. ಹೊಸ ಅತಿಥಿಯ ಎಲೆ ಬಿಳಿನೊಣಕ್ಕೆ ರುಚಿಸಿತು. ಕಾಡುಗಿಡದ ರಸ ಹೀರಿದ ನೊಣ ಮರಗೆಣಸಿನ ಮೇಲೂ ಕೂತಿತು, ಅದರ ಬಾಯಲ್ಲಿದ್ದ ವೈರಸ್ ಹೊಸ ಗಿಡದೊಳಗೆ ಇಳಿಯಿತು. ವೈರಸ್ ಬೆಳೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಬೆಳೆಯೇ ಅದು ಇದ್ದಲ್ಲಿಗೆ ಬಂತು.

ರೋಗದ ಮೊದಲ ಲಿಖಿತ ವಿವರಣೆ 1894ರದು. ಆಗ ಜರ್ಮನರ ಆಳ್ವಿಕೆಯಲ್ಲಿದ್ದ, ಇಂದಿನ ಟಾಂಜಾನಿಯಾದ ಉಸಂಬರ ಬೆಟ್ಟಸೀಮೆಯಲ್ಲಿ ಮರಗೆಣಸಿನ ಎಲೆಗಳು ಸುರುಟಿಕೊಂಡು ತೇಪೆ ತೇಪೆಯಾಗಿ ಹಳದಿಗಟ್ಟುತ್ತಿರುವುದನ್ನು ಓಟೊ ವಾರ್ಬರ್ಗ್ ಎಂಬ ಜರ್ಮನ್ ಸಸ್ಯವಿಜ್ಞಾನಿ ಬರೆದಿಟ್ಟ. ನಮ್ಮಲ್ಲಿ ಟೊಮೇಟೊ ಎಲೆ ಮುದುಡುವುದನ್ನೋ ಬೆಂಡೆ ಎಲೆಯ ನರಗಳು ಹಳದಿಯಾಗುವುದನ್ನೋ ಕಂಡ ರೈತರಿಗೆ ಈ ನೋಟ ಹೊಸದಲ್ಲ. ಮೂರೂ ಒಂದೇ ಬಳಗದ ವೈರಸ್‌ಗಳ ಕೆಲಸ, ಮೂರನ್ನೂ ಹೊತ್ತು ತಿರುಗುವುದು ಒಂದೇ ಬಿಳಿನೊಣ.

ಆ ಬಳಗದ ಹೆಸರು ಜೆಮಿನಿವೈರಸ್. ಎರಡು ಗೋಳಗಳು ಒಂದಕ್ಕೊಂದು ಅಂಟಿಕೊಂಡ ಅವಳಿ ಆಕಾರ, ಉದ್ದ ಸುಮಾರು 30 ನ್ಯಾನೋಮೀಟರ್. ಒಳಗಿರುವುದು ಉಂಗುರದಂತೆ ಸುತ್ತಿಕೊಂಡ ಒಂಟಿ ಎಳೆಯ ಡಿಎನ್ಎ. ಮರಗೆಣಸಿನ ವೈರಸ್‌ಗಳಲ್ಲಿ ಇಂಥ ಉಂಗುರಗಳು ಎರಡು: ಎ ಮತ್ತು ಬಿ. ಒಂದೊಂದರಲ್ಲಿ ಸುಮಾರು 2,800 ಡಿಎನ್ಎ ಅಕ್ಷರ. ಗಿಡದ ಕೋಶದೊಳಗೆ ತನ್ನ ಪ್ರತಿಗಳನ್ನು ಮಾಡಿಕೊಳ್ಳುವ, ಹೊದಿಕೆ ಹೊಲಿದುಕೊಳ್ಳುವ ಕೆಲಸ ಎ ಉಂಗುರದ್ದು. ಒಂದು ಕೋಶದಿಂದ ಮುಂದಿನದಕ್ಕೆ ಹಾಯುವ ಕೆಲಸ ಬಿ ಉಂಗುರದ್ದು. ಒಂದು ಇಡೀ ಖಂಡದ ಊಟವನ್ನು ಕಸಿಯಲು ಇಷ್ಟೇ ಸಾಮಗ್ರಿ ಸಾಕಾಯಿತು ಎಂಬುದನ್ನು ನಂಬಲು ಸ್ವಲ್ಪ ಹೊತ್ತು ಬೇಕು.

ವಿಜ್ಞಾನಿಗಳಿಗೂ ಹೊತ್ತು ಹಿಡಿಯಿತು. ಕೆನ್ಯಾದಲ್ಲಿ ಕೆಲಸ ಮಾಡುತ್ತಿದ್ದ ಬಾಕ್ ಎಂಬ ಸಸ್ಯರೋಗ ತಜ್ಞ 1970ರ ದಶಕದಲ್ಲಿ ರೋಗದ ಗಿಡದಿಂದ ಈ ವೈರಸ್ಸನ್ನು ಬೇರ್ಪಡಿಸಿದ. ಆದರೆ ಅದನ್ನು ಮರಳಿ ಮರಗೆಣಸಿಗೆ ಅಂಟಿಸಿ ರೋಗ ಬರಿಸಲಾಗಲಿಲ್ಲ. ಹೀಗಾಗಿ ಅದಕ್ಕೆ ‘ಸುಪ್ತ ವೈರಸ್’ ಎಂಬ ನಿರಪರಾಧಿಯ ಹೆಸರು ಸಿಕ್ಕಿತು. 1983ರಲ್ಲಿ ಅಪರಾಧ ಸಾಬೀತಾಯಿತು, ಹೆಸರು ‘ಆಫ್ರಿಕನ್ ಮರಗೆಣಸು ಮೊಸಾಯಿಕ್ ವೈರಸ್’ ಎಂದಾಯಿತು. ಅದೇ ವರ್ಷ ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆಯಲ್ಲಿ ಸ್ಟಾನ್ಲಿ ಮತ್ತು ಗೇ ಅದರ ಎರಡೂ ಉಂಗುರಗಳ ಅಕ್ಷರಗಳನ್ನು ಪೂರ್ತಿಯಾಗಿ ಓದಿ ಪ್ರಕಟಿಸಿದರು. ವೈರಸ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕೇಳಲು ಆಗ ಒಂದು ದಾರಿ ತೆರೆಯಿತು.

ಅಕ್ಷರ ಓದಿದರೆ ದಾರಿ ಹೇಗೆ ತಿಳಿದೀತು? ವೈರಸ್ ತನ್ನ ಪ್ರತಿ ಮಾಡಿಕೊಳ್ಳುವಾಗ ತಪ್ಪುಗಳಾಗುತ್ತವೆ, ಮುಂದಿನ ಪೀಳಿಗೆ ಆ ತಪ್ಪುಗಳನ್ನು ಹೊತ್ತೇ ಸಾಗುತ್ತದೆ. ಒಂದೂರಿನಲ್ಲಿ ತಲೆಮಾರುಗಳಿಂದ ನೆಲೆಸಿದ ಮನೆತನಕ್ಕೆ ಹತ್ತಾರು ಕವಲು, ನಿನ್ನೆ ಬಂದಿಳಿದ ಸಂಸಾರಕ್ಕೆ ಒಂದೇ ಒಲೆ. ವೈರಸ್ಸಿನ ಕಥೆಯೂ ಹಾಗೆಯೇ. ಒಂದು ಸೀಮೆಯ ಹೊಲಗಳಲ್ಲಿ ಪರಸ್ಪರ ಬಹಳ ಭಿನ್ನವಾದ ವೈರಸ್‌ಗಳು ಸಿಕ್ಕರೆ ಅವು ಅಲ್ಲಿ ಬಹುಕಾಲದಿಂದ ಇವೆ ಎಂದರ್ಥ. ನೂರಾರು ಮೈಲಿ ದೂರದ ಹೊಲಗಳಲ್ಲೂ ಹೆಚ್ಚುಕಡಿಮೆ ಒಂದೇ ಅಕ್ಷರ ಸರಣಿ ಸಿಕ್ಕರೆ ಯಾರೋ ಈಚೆಗೆ ಹೊತ್ತು ತಂದಿದ್ದಾರೆ. ಬದಲಾವಣೆಯ ವೇಗವೂ ಕಡಿಮೆಯದಲ್ಲ. ಡಿಎನ್ಎ ವೈರಸ್‌ಗಳು ನಿಧಾನ ಬದಲಾಗುತ್ತವೆ ಎಂಬ ನಂಬಿಕೆಯಿತ್ತು. ಸಿಯೊಬಾನ್ ಡಫಿ ಮತ್ತು ಎಡ್ವರ್ಡ್ ಹೋಮ್ಸ್ 2009ರಲ್ಲಿ ಪೂರ್ವ ಆಫ್ರಿಕದ ವೈರಸ್ಸಿನ ಲೆಕ್ಕ ಹಾಕಿದಾಗ ಎ ಉಂಗುರದಲ್ಲಿ ಸಾವಿರ ಅಕ್ಷರಕ್ಕೆ ವರ್ಷಕ್ಕೆ ಒಂದೆರಡು ಬದಲಾವಣೆ ಕಂಡಿತು. ಆರ್‌ಎನ್‌ಎ ವೈರಸ್‌ಗಳ ಓಟಕ್ಕೆ ಇದು ಹೆಚ್ಚು ಹಿಂದೆ ಬಿದ್ದಿಲ್ಲ.

ಹಳೆಯ ಸಸ್ಯಸಂಗ್ರಹಗಳೂ ಈ ಲೆಕ್ಕಕ್ಕೆ ನೆರವಾದವು. 1928ರಲ್ಲಿ ಇಂದಿನ ಮಧ್ಯ ಆಫ್ರಿಕ ಗಣರಾಜ್ಯದಲ್ಲಿ ಯಾರೋ ಮರಗೆಣಸಿನ ಕುಲದ ಗಿಡವೊಂದನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸಿದ್ದರು. ಆ ಒಣ ಎಲೆಯೊಳಗೆ ಉಳಿದಿದ್ದ ಚೂರುಪಾರು ಆರ್‌ಎನ್‌ಎಯಿಂದಲೇ ಸಂಶೋಧಕರು ಅಂದಿನ ವೈರಸ್ಸಿನ ಸರಣಿಯನ್ನು ಮತ್ತೆ ಕಟ್ಟಿದರು. 2021ರಲ್ಲಿ ಅದು ಪ್ರಕಟವಾಯಿತು. ಎಲೆಯನ್ನು ಒತ್ತಿಟ್ಟವರಿಗೆ ಡಿಎನ್ಎ ಎಂಬ ವಸ್ತುವಿನ ರಚನೆಯೇ ತಿಳಿದಿರಲಿಲ್ಲ.

ಹೀಗೆ ಓದುತ್ತಾ ಹೋದಂತೆ ಒಂದೇ ಎಂದುಕೊಂಡಿದ್ದ ವೈರಸ್ ಹನ್ನೊಂದಾಯಿತು. ಎ ಉಂಗುರದ ಸರಣಿ ಶೇ 91ಕ್ಕಿಂತ ಕಡಿಮೆ ಹೊಂದಿಕೆಯಾದರೆ ಬೇರೆ ಪ್ರಭೇದ ಎಂಬುದು ಈಗ ವೈರಸ್ ವರ್ಗೀಕರಣ ಸಮಿತಿಯ ನಿಯಮ. ಆ ಅಳತೆಗೋಲಿನಲ್ಲಿ ಆಫ್ರಿಕದಲ್ಲಿ ಮತ್ತು ಅದರ ಸುತ್ತಲಿನ ದ್ವೀಪಗಳಲ್ಲಿ ಒಂಬತ್ತು, ದಕ್ಷಿಣ ಏಷ್ಯಾದಲ್ಲಿ ಎರಡು. ‘ಆಫ್ರಿಕನ್’ ಪ್ರಭೇದ ಖಂಡದ ಪಶ್ಚಿಮ ಮತ್ತು ಮಧ್ಯಭಾಗಗಳಲ್ಲಿ ಹಬ್ಬಿದೆ, ಆದರೆ ಎಲ್ಲಿ ನೋಡಿದರೂ ಹೆಚ್ಚುಕಡಿಮೆ ಒಂದೇ ಥರ. ‘ಪೂರ್ವ ಆಫ್ರಿಕನ್’ ಎನ್ನುವುದು ಮಾತ್ರ ದೊಡ್ಡ ಬಳಗ: ಕೆನ್ಯಾ, ಮಲಾವಿ, ಜಾಂಜಿಬಾರ್, ಕ್ಯಾಮರೂನ್ ಹೆಸರಿನ ದಾಯಾದಿಗಳೆಲ್ಲ ಅದರವೇ. 2005ರಲ್ಲಿ ಟಾಂಜಾನಿಯಾದ ಮಾದರಿಗಳನ್ನು ಪರಿಶೀಲಿಸಿದ ತಂಡ, ಈ ವೈವಿಧ್ಯದ ಕೇಂದ್ರವೇ ಪೂರ್ವ ಆಫ್ರಿಕ ಎಂಬ ನಿರ್ಣಯಕ್ಕೆ ಬಂತು. ಮಡಗಾಸ್ಕರ್ ದ್ವೀಪವೊಂದರಲ್ಲೇ ಆರು ಪ್ರಭೇದಗಳು ಓಡಾಡುತ್ತಿವೆ. ದಕ್ಷಿಣ ಆಫ್ರಿಕದ ಪ್ರಭೇದದೊಳಗಂತೂ ಟೊಮೇಟೊ ಕಾಡುವ ಸಂಬಂಧಿಯೊಂದರಿಂದ ಬಂದ ತುಣುಕು ಸೇರಿಕೊಂಡಿದೆ.

ಈ ತುಣುಕು ಸೇರುವ ಆಟವೇ ನಿಜವಾದ ಅಪಾಯ. ಒಂದೊಂದೇ ಅಕ್ಷರ ತಪ್ಪುವುದು ಸಣ್ಣ ಸಂಗತಿ. ಒಂದು ಗಿಡಕ್ಕೆ ಎರಡು ವೈರಸ್ ಒಟ್ಟಿಗೆ ತಗುಲಿದಾಗ, ಒಂದೇ ಕೋಶದೊಳಗೆ ಎರಡರ ಪ್ರತಿ ತಯಾರಾಗುವಾಗ, ಇದರ ತುಂಡು ಅದಕ್ಕೆ ಹೊಲಿದುಕೊಳ್ಳುತ್ತದೆ. ಇದಕ್ಕೆ ಮರುಸಂಯೋಜನೆ ಎಂದು ಹೆಸರು. ಹುಟ್ಟಿದ ಬಹುಪಾಲು ಸಂಕರಗಳು ಅಲ್ಲೇ ಸಾಯುತ್ತವೆ. ಉಗಾಂಡದಲ್ಲಿ ಒಂದು ಬದುಕಿತು.

1988ರ ಸುಮಾರಿಗೆ ಉಗಾಂಡದ ಲುವೆರೊ ಜಿಲ್ಲೆಯ ಉತ್ತರ ಭಾಗದಲ್ಲಿ ಮರಗೆಣಸಿನ ಗಿಡಗಳು ಹಿಂದೆಂದೂ ಕಾಣದಷ್ಟು ಕೆಟ್ಟದಾಗಿ ಸೊರಗತೊಡಗಿದವು. ಅಲ್ಲಿಯವರೆಗೆ ರೋಗ ಇದ್ದರೂ ಗಿಡ ಒಂದಷ್ಟು ಗೆಡ್ಡೆ ಕೊಡುತ್ತಿತ್ತು, ರೈತರು ಅದರೊಂದಿಗೆ ಏಗಿಕೊಂಡಿದ್ದರು. ಈ ಸಲ ಎಲೆಗಳು ದಾರದಂತೆ ಸಣಕಲಾದವು, ಗಿಡ ಗಿಡ್ಡವಾಯಿತು, ನೆಲ ಅಗೆದರೆ ಬೇರಿನಷ್ಟು ದಪ್ಪದ ಗೆಡ್ಡೆ. ರೋಗ ವರ್ಷಕ್ಕೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ದಕ್ಷಿಣಕ್ಕೆ ಸರಿಯಿತು. ಅದರ ಮುಂಚೂಣಿಯಲ್ಲಿ ಬಿಳಿನೊಣಗಳ ದಂಡು ಎಲೆ ಅಲುಗಿದರೆ ಮೋಡದಂತೆ ಏಳುವಷ್ಟಿತ್ತು. ಪೂರ್ವದ ತೇಸೊ ಸೀಮೆಯ ಜನ ಮೆಚ್ಚಿ ಬೆಳೆಯುತ್ತಿದ್ದ ಎಬ್ವನತೆರಕ ಎಂಬ ತಳಿ ಹೊಲಗಳಿಂದ ಹೆಚ್ಚುಕಡಿಮೆ ಅಳಿಸಿಹೋಯಿತು. 1990ರ ದಶಕದ ಆರಂಭದಲ್ಲಿ ಆ ಸೀಮೆಯಲ್ಲಿ ಹಸಿವಿನಿಂದ ಸಾವುಗಳಾದವು. ಕಳವಳದ ಸಂಗತಿ ಎಂದರೆ, ಮರಗೆಣಸನ್ನು ಅಲ್ಲಿನ ಜನ ನಂಬಿದ್ದೇ ಮಳೆ ಕೈಕೊಟ್ಟಾಗಲೂ ಅದು ಕೈಬಿಡುವುದಿಲ್ಲ ಎಂದು.

ಕಾರಣ ಹುಡುಕುವವರನ್ನು ಈ ವೈರಸ್ ಚೆನ್ನಾಗಿಯೇ ಏಮಾರಿಸಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಬ್ರಯಾನ್ ಹ್ಯಾರಿಸನ್ ಅವರ ತಂಡ ವೈರಸ್ಸಿನ ಹೊದಿಕೆಯನ್ನು ಗುರುತಿಸುವ ಪ್ರತಿಕಾಯಗಳನ್ನು ತಯಾರಿಸಿ ಖಂಡದ ನಕ್ಷೆ ಬರೆದಿತ್ತು: ಪಶ್ಚಿಮದಲ್ಲಿ ‘ಆಫ್ರಿಕನ್’, ಪೂರ್ವದಲ್ಲಿ ‘ಪೂರ್ವ ಆಫ್ರಿಕನ್’, ಭಾರತದ್ದು ಬೇರೆಯೇ. ಅದೇ ಪರೀಕ್ಷೆಯಲ್ಲಿ ಉಗಾಂಡದ ಮಾರಿ ‘ನಾನು ಹಳೆಯ ಆಫ್ರಿಕನ್ ವೈರಸ್ಸೇ’ ಎಂದು ಉತ್ತರ ಕೊಟ್ಟಿತು. 1997ರಲ್ಲಿ ಶ್ಯೂಪಿಂಗ್ ಝೌ, ಹ್ಯಾರಿಸನ್ ಮತ್ತು ಜೊತೆಗಾರರು ಡಿಎನ್ಎಯನ್ನೇ ಓದಿದಾಗ ಸುಳ್ಳು ಬಯಲಾಯಿತು. ಹೊದಿಕೆ ಪ್ರೋಟೀನಿನ ವಂಶವಾಹಿಯಲ್ಲಿ ಮೊದಲ 219 ಅಕ್ಷರ ಪೂರ್ವ ಆಫ್ರಿಕನ್ ವೈರಸ್ಸಿನದು, ನಡುವಿನ 459 ಆಫ್ರಿಕನ್ ವೈರಸ್ಸಿನದು, ಕೊನೆಯ 93 ಮತ್ತೆ ಪೂರ್ವ ಆಫ್ರಿಕನ್ನಿನದು. ಎ ಉಂಗುರದ ಉಳಿದ ಭಾಗವೆಲ್ಲ ಪೂರ್ವದ್ದೇ. ಪ್ರತಿಕಾಯಗಳು ಹೊದಿಕೆಯ ನಡುಭಾಗವನ್ನು ಕಂಡು ಮೋಸಹೋಗಿದ್ದವು. ಅದೇ ವರ್ಷ ಅಮೆರಿಕ, ಉಗಾಂಡಗಳ ವಿಜ್ಞಾನಿಗಳಿದ್ದ ಇನ್ನೊಂದು ತಂಡವೂ ಇದೇ ಸಂಕರವನ್ನು ವರದಿ ಮಾಡಿತು.

ಸಂಕರವೊಂದೇ ಇಷ್ಟು ಹಾನಿ ಮಾಡಿತೆನ್ನಲಾಗದು. ಅದು ಹಳೆಯ ಆಫ್ರಿಕನ್ ವೈರಸ್ಸಿನ ಜೊತೆ ಒಂದೇ ಗಿಡದಲ್ಲಿ ಸೇರಿದಾಗಲೇ ರೋಗ ಅತಿರೇಕಕ್ಕೆ ಹೋಗುತ್ತಿತ್ತು. ಗಿಡಕ್ಕೂ ತನ್ನದೇ ರಕ್ಷಣೆ ಇದೆ. ವೈರಸ್ಸಿನ ಸಂದೇಶಗಳನ್ನು ಕತ್ತರಿಸಿ ಬಾಯಿ ಮುಚ್ಚಿಸುವ ವ್ಯವಸ್ಥೆ ಅದು. ಎರಡು ವೈರಸ್‌ಗಳು ಆ ವ್ಯವಸ್ಥೆಯನ್ನು ಬೇರೆ ಬೇರೆ ಪ್ರೋಟೀನುಗಳಿಂದ ಬೇರೆ ಬೇರೆ ಹಂತದಲ್ಲಿ ಕೆಡಿಸುತ್ತವೆ, ಹಾಗಾಗಿ ಇಬ್ಬರೂ ಸೇರಿದಾಗ ಗಿಡಕ್ಕೆ ಉಳಿಗಾಲವಿಲ್ಲ. ಈ ಜೋಡಿಯಾಟವನ್ನು 2001ರಲ್ಲಿ ವಿವರಿಸಿದವರಲ್ಲಿ ಪ್ರಮುಖರು ಜಸ್ಟಿನ್ ಪಿಟಾ. ಅವರು ಈಗ ಕೋತ್ ದಿವ್ವಾರ್‌ನಲ್ಲಿ ನೆಲೆಸಿ ‘ವೇವ್’ ಎಂಬ ಯೋಜನೆಯ ಮುಂದಾಳಾಗಿ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಮರಗೆಣಸಿನ ಹೊಲಗಳ ಮೇಲೆ ಕಣ್ಣಿಟ್ಟಿದ್ದಾರೆ. ಕಣ್ಣಿಡಲು ಕಾರಣವಿದೆ. ನೈಜೀರಿಯ ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ, ಉಗಾಂಡದ ಸಂಕರವೋ ಆಗಲೇ ಪಶ್ಚಿಮದ ಬುರ್ಕಿನಾ ಫಾಸೊದಲ್ಲೂ ಸಿಕ್ಕಿದೆ.

ಉಗಾಂಡವನ್ನು ಉಳಿಸಿದ್ದು ಹಳೆಯ ಕಾಲದ ಕೃಷಿ ವಿಜ್ಞಾನ. ವಾರ್ಬರ್ಗ್ ರೋಗ ಕಂಡಿದ್ದ ಅದೇ ಉಸಂಬರ ಬೆಟ್ಟಗಳ ಅಮಾನಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಸ್ಟೋರಿ ಮತ್ತು ನಿಕೋಲ್ಸ್ ಮರಗೆಣಸನ್ನು ಅದರ ಕಾಡುಬಂಧು ಸಿಯರಾ ರಬ್ಬರ್ ಗಿಡದೊಂದಿಗೆ ಬೆರೆಸಿ ರೋಗ ತಾಳುವ ಸಸಿಗಳನ್ನು ಹುಟ್ಟಿಸಿದ್ದರು. ಆ ಬೀಜ ನೈಜೀರಿಯದ ಇಬಾದಾನ್‌ಗೆ ಹೋಯಿತು. ಅಲ್ಲಿನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ 1971ರಿಂದ ಕೆಲಸ ಮಾಡಿದ ಕೊರಿಯಾದ ಸಾಂಗ್ ಕಿ ಹಾನ್ ಅದರಿಂದ ತಳಿಯ ಮೇಲೆ ತಳಿ ಕಟ್ಟಿದರು. ನೈಜೀರಿಯದ ಊರೊಂದು ಅವರಿಗೆ ‘ರೈತರ ರಾಜ’ ಎಂಬ ಅರ್ಥದ ಬಿರುದು ಕೊಟ್ಟು ಮುಖಂಡನ ಪದವಿಯಲ್ಲಿ ಕೂರಿಸಿತು. ಆ ತಳಿಗಳೇ ‘ನಾಸೆ’ ಎಂಬ ಹೆಸರಿನಲ್ಲಿ ಉಗಾಂಡದ ಹೊಲಗಳಿಗೆ ಇಳಿದವು.

ಏಷ್ಯಾದ ಕಥೆ ಬೇರೆಯೇ ಜಾಡಿನದು.

ಭಾರತಕ್ಕೂ ಮರಗೆಣಸು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ಕೇರಳದ ಕರಾವಳಿಗೆ. ತಿರುವಾಂಕೂರಿನ ವಿಶಾಖಂ ತಿರುನಾಳ್ ಮಹಾರಾಜ 1880ರ ದಶಕದಲ್ಲಿ ಅದನ್ನು ಬಡವರ ಅನ್ನವಾಗಿ ಪ್ರೋತ್ಸಾಹಿಸಿದ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಅದು ನಿಜವಾಗಿಯೂ ಹೊಟ್ಟೆ ಹೊರೆಯಿತು. ತಮಿಳುನಾಡಿನ ಸೇಲಂ ಸುತ್ತ ಅದರ ಹಿಟ್ಟಿನಿಂದ ಸಬ್ಬಕ್ಕಿ ಮಾಡುವ ಕಾರ್ಖಾನೆಗಳು ತಲೆಯೆತ್ತಿದವು. ಕರ್ನಾಟಕದ ಮನೆಗಳಲ್ಲಿ ಪಾಯಸಕ್ಕೆ, ಸಂಡಿಗೆಗೆ, ಏಕಾದಶಿಯ ಉಪವಾಸಕ್ಕೆ ಬಳಸುವ ಸಬ್ಬಕ್ಕಿ ಈ ಗೆಡ್ಡೆಯ ಪಿಷ್ಟವೇ. ಕನ್ನಡ ನಾಡಿನಲ್ಲಿ ಮರಗೆಣಸು ಬೆಳೆಯುವವರಿಗಿಂತ ಅದನ್ನು ಅರಿಯದೆಯೇ ತಿನ್ನುವವರು ಎಷ್ಟೋ ಪಾಲು ಹೆಚ್ಚು.

ಇಲ್ಲಿನ ರೋಗ ಆಫ್ರಿಕದಿಂದ ಬಂದದ್ದಲ್ಲ. ದಕ್ಷಿಣ ಏಷ್ಯಾದ ಎರಡು ಪ್ರಭೇದಗಳು, ‘ಭಾರತೀಯ’ ಮತ್ತು ‘ಶ್ರೀಲಂಕನ್’, ಆಫ್ರಿಕದವುಗಳಿಂದ ಬಹಳ ದೂರ. ಇಲ್ಲಿನ ಗಿಡಗಳಿಂದಲೇ ಪ್ರತ್ಯೇಕವಾಗಿ ಮರಗೆಣಸಿಗೆ ಹಾರಿದವು ಅವು. ಶ್ರೀಲಂಕನ್ ವೈರಸ್ಸಿನ ಹುಟ್ಟಂತೂ ವಿಚಿತ್ರ. 2002ರಲ್ಲಿ ಕೀತ್ ಸಾಂಡರ್ಸ್ ಮತ್ತು ಸಹೋದ್ಯೋಗಿಗಳು ತೋರಿಸಿದಂತೆ ಅದರ ಎ ಉಂಗುರ ಬಿ ಉಂಗುರದ ಹಂಗಿಲ್ಲದೆಯೂ ಪ್ರಯೋಗದ ಗಿಡದಲ್ಲಿ ಹರಡಬಲ್ಲದು. ಬೇರೆ ವೈರಸ್ಸಿನ ಸಂಗಾತಿಯಾದ ಪುಟ್ಟ ಡಿಎನ್ಎ ತುಂಡೊಂದನ್ನು ಜೊತೆಗೆ ಕೊಟ್ಟರೆ ಅಜಿರೇಟಂ ಎಂಬ ಕಳೆಗಿಡದಲ್ಲಿ ಹಳದಿ ನರದ ರೋಗವನ್ನೂ ಬರಿಸಬಲ್ಲದು. ಅಂದರೆ ಅದರ ಪೂರ್ವಜ ಬೇರಾವುದೋ ಗಿಡದ ಒಂಟಿ ಉಂಗುರದ ವೈರಸ್ ಆಗಿದ್ದಿರಬೇಕು. ಮರಗೆಣಸಿನಲ್ಲಿ ಭಾರತೀಯ ವೈರಸ್ಸಿನ ಸಹವಾಸಕ್ಕೆ ಬಿದ್ದು ಅದರ ಬಿ ಉಂಗುರವನ್ನು ಹಾರಿಸಿಕೊಂಡು ಹೊಸ ಸಂಸಾರ ಹೂಡಿದೆ.

ಹೆಸರುಗಳನ್ನು ನಂಬಿ ಗಡಿ ಎಳೆಯುವುದು ಇಲ್ಲಿ ಕೆಲಸಕ್ಕೆ ಬಾರದು. 2005ರಲ್ಲಿ ಇಂದ್ರನೀಲ್ ದಾಸ್‌ಗುಪ್ತ ಅವರ ತಂಡ ದಕ್ಷಿಣ ಭಾರತದ ಮಾದರಿಗಳನ್ನು ತೆಗೆದು ನೋಡಿದಾಗ, ಶ್ರೀಲಂಕಾದ್ದೆಂದು ಹೆಸರು ಹೊತ್ತ ವೈರಸ್ಸೇ ಭಾರತೀಯ ವೈರಸ್ಸಿಗಿಂತ ಹೆಚ್ಚು ಕಡೆ ಸಿಕ್ಕಿತು. ಭಾರತೀಯ ವೈರಸ್ ಕೂಡ ಮರಗೆಣಸಿಗೆ ಕಟ್ಟುಬಿದ್ದಿಲ್ಲ. ಜೈವಿಕ ಇಂಧನಕ್ಕೆಂದು ಜಟ್ರೋಫಾ ನೆಡುವ ಉತ್ಸಾಹ ಎಲ್ಲೆಡೆ ಹಬ್ಬಿದ್ದಾಗ ಅದಕ್ಕೂ ಮೊಸಾಯಿಕ್ ಕಾಣಿಸಿಕೊಂಡಿತು. ಧಾರವಾಡದ ಜಟ್ರೋಫಾದಿಂದ ತೆಗೆದ ವೈರಸ್ ಭಾರತೀಯ ಮರಗೆಣಸು ವೈರಸ್ಸಿನ ಹೊಸ ಬಗೆ ಎಂದು 2010ರಲ್ಲಿ ವರದಿಯಾಯಿತು, ಆ ಬಗೆಯ ಹೆಸರಿನಲ್ಲಿ ಧಾರವಾಡವೂ ಸೇರಿಕೊಂಡಿತು.

ಆಗ್ನೇಯ ಏಷ್ಯಾ ಮಾತ್ರ ಬಹಳ ಕಾಲ ಈ ರೋಗದಿಂದ ಪಾರಾಗಿತ್ತು. ಥಾಯ್ಲೆಂಡ್ ಜಗತ್ತಿಗೆ ಮರಗೆಣಸಿನ ಪಿಷ್ಟ, ಒಣ ಚಿಪ್ಸುಗಳನ್ನು ರಫ್ತು ಮಾಡುವ ಅತಿದೊಡ್ಡ ದೇಶ. 2015ರ ಮೇ ತಿಂಗಳಲ್ಲಿ ಕಾಂಬೋಡಿಯದ ರತನಕಿರಿ ಪ್ರಾಂತ್ಯದ ಒಂದು ತೋಟದಲ್ಲಿ ಶ್ರೀಲಂಕನ್ ವೈರಸ್ ಸಿಕ್ಕಿತು. ಸುಟ್ಟುಹಾಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. 2017ರಲ್ಲಿ ವಿಯೆಟ್ನಾಮಿನ ತೈ ನಿನ್ಹ್, 2018ರಲ್ಲಿ ಥಾಯ್ಲೆಂಡ್, ಅದೇ ಸುಮಾರಿಗೆ ದಕ್ಷಿಣ ಚೀನಾ, 2020ರ ಹೊತ್ತಿಗೆ ಲಾವೋಸ್. ಈ ದೇಶಗಳ ಮಾದರಿಗಳ ಸರಣಿಗಳನ್ನು ಹೋಲಿಸಿದರೆ ಅವು ಹೆಚ್ಚುಕಡಿಮೆ ಒಂದೇ. ದಕ್ಷಿಣ ಭಾರತದ ಹೊಲಗಳ ವೈವಿಧ್ಯ ಅಲ್ಲಿಲ್ಲ. ಎಲ್ಲಿಂದಲೋ ಈಚೆಗೆ ಒಮ್ಮೆ ಬಂದಿಳಿದ ವೈರಸ್ಸೇ ಗಡಿಗಳನ್ನು ದಾಟುತ್ತಾ ಹರಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಅಷ್ಟು ದೂರ ಬಿಳಿನೊಣ ಹಾರಲಾರದು. ಒಂದು ಮಿಲಿಮೀಟರ್ ಉದ್ದದ ಆ ಕೀಟ ಪಕ್ಕದ ಹೊಲಕ್ಕೆ, ಗಾಳಿ ಸಿಕ್ಕರೆ ಪಕ್ಕದ ಊರಿಗೆ ವೈರಸ್ಸನ್ನು ಒಯ್ದೀತು. ದೇಶ ದಾಟಿಸಿದ್ದು ಮನುಷ್ಯ. ಮರಗೆಣಸನ್ನು ಬೀಜ ಬಿತ್ತಿ ಬೆಳೆಯುವುದಿಲ್ಲ. ಹಳೆಯ ಗಿಡದ ಕಾಂಡವನ್ನು ಗೇಣುದ್ದ ಕತ್ತರಿಸಿ ನೆಡುತ್ತಾರೆ. ಕಡ್ಡಿಯಲ್ಲಿ ವೈರಸ್ಸಿದ್ದರೆ ಚಿಗುರಿನಲ್ಲೂ ಇರುತ್ತದೆ. ಬೆಲೆ ಏರಿದ ವರ್ಷ ವ್ಯಾಪಾರಿಗಳು ಕಡ್ಡಿಯ ಕಟ್ಟುಗಳನ್ನು ಲಾರಿಗೆ ಹೇರಿ ನೂರಾರು ಕಿಲೋಮೀಟರ್ ಸಾಗಿಸುತ್ತಾರೆ. ಎಲೆ ಉದುರಿದ ಕಡ್ಡಿಯನ್ನು ನೋಡಿ ರೋಗವಿದೆಯೇ ಎಂದು ಹೇಳಲು ಯಾರಿಂದಲೂ ಆಗದು. ಗಡಿಗಳಲ್ಲಿನ ಸಸ್ಯತಪಾಸಣೆ ಬರೀ ಕಣ್ಣಳತೆಯದಾಗಿದ್ದರೆ ಈ ಕಡ್ಡಿಗಳ ಮಟ್ಟಿಗೆ ಅದು ಇದ್ದೂ ಇಲ್ಲದಂತೆ.

ತಳಿಗಳಿಗೇನೂ ಬರವಿಲ್ಲ. ನೈಜೀರಿಯದ ನಾಟಿ ತಳಿಗಳಲ್ಲಿ ಸಿಕ್ಕ ‘ಸಿಎಂಡಿ2’ ಎಂಬ ನಿರೋಧಕ ಗುಣ ಈಗ ರೋಗ ತಾಳುವ ತಳಿಗಳ ಅಭಿವೃದ್ಧಿಯ ಮುಖ್ಯ ಬೆನ್ನೆಲುಬು. ಅದು ಡಿಎನ್ಎ ಪ್ರತಿ ಮಾಡುವ ಕಿಣ್ವವೊಂದರ ವಂಶವಾಹಿಯಲ್ಲಿನ ಸಣ್ಣ ಬದಲಾವಣೆ ಎಂಬುದು 2022ರಲ್ಲಿ ತಿಳಿಯಿತು. ಅಂಗಾಂಶ ಕೃಷಿಯ ಒಂದು ವಿಧಾನದಲ್ಲಿ ಗಿಡಗಳನ್ನು ಮತ್ತೆ ಬೆಳೆಸುವಾಗ ಈ ಗುಣ ಕಳೆದುಹೋಗಿ, ಇನ್ನೊಂದು ರೋಗಕ್ಕಾಗಿ ತಳಿ ತಿದ್ದುತ್ತಿದ್ದವರು ತಲೆ ಚಚ್ಚಿಕೊಂಡದ್ದೂ ಉಂಟು. ಒಂದೇ ವಂಶವಾಹಿಯ ಮೇಲೆ ಇಷ್ಟು ದೇಶಗಳ ಊಟವನ್ನು ಒರಗಿಸುವುದು ಜಾಣತನವಲ್ಲ. ಮರುಸಂಯೋಜನೆಯ ಚಾಳಿಯಿರುವ ವೈರಸ್ಸಿನೆದುರು ಅಂತೂ ಅಲ್ಲವೇ ಅಲ್ಲ. ಆದರೂ ಸದ್ಯಕ್ಕೆ ಕೈಯಲ್ಲಿರುವ ಒಳ್ಳೆಯ ಅಸ್ತ್ರ ಅದೇ. ನೈಜೀರಿಯದಿಂದ ತಂದ, ರೋಗ ತಾಳುವ ತಳಿಯೊಂದನ್ನು ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಶ್ರೀ ಪದ್ಮನಾಭ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದೆ. ವಿಯೆಟ್ನಾಮ್ ಕೂಡ ಇಬಾದಾನ್ ಮೂಲದ ತಳಿಗಳನ್ನು ರೈತರಿಗೆ ಕೊಡತೊಡಗಿದೆ.

ಬರವಿರುವುದು ಕಡ್ಡಿಗೆ. ಒಂದು ಹೆಕ್ಟೇರಿಗೆ ಸುಮಾರು 10,000 ಕಡ್ಡಿ ಬೇಕು. ಒಂದು ಗಿಡ ಒಂದು ವರ್ಷದಲ್ಲಿ ಕೊಡುವುದು ಹತ್ತು ಹನ್ನೆರಡು. ಒಂದು ಕಾಳಿನಿಂದ ನೂರಾರು ಕಾಳು ಕೊಡುವ ಭತ್ತದ ತಳಿಯಂತೆ ಮರಗೆಣಸಿನ ತಳಿಯನ್ನು ಎರಡು ಮೂರು ಹಂಗಾಮಿನಲ್ಲಿ ನಾಡಿಗೆಲ್ಲ ಹಂಚಲಾಗದು. ಹಾಗಾಗಿ ಹೊಸ ತಳಿ ಹೊಲ ತಲುಪುವ ಮೊದಲೇ ರೈತ ಕಾಯಲಾರದೆ ನೆರೆಯವನ ರೋಗದ ಕಡ್ಡಿಯನ್ನೇ ಕೊಂಡು ನೆಡುತ್ತಾನೆ. ಇದರಲ್ಲಿ ಅವನ ತಪ್ಪು ಹುಡುಕುವುದು ಸರಿಯಲ್ಲ. ಪರೀಕ್ಷಿಸಿದ ತಾಯಿಗಿಡಗಳಿಂದ ಶುದ್ಧ ಕಡ್ಡಿ ಬೆಳೆಸಿ, ನೆಡುವ ಹಂಗಾಮಿಗೆ ಸರಿಯಾಗಿ, ಕೈಗೆಟಕುವ ಬೆಲೆಗೆ ಕೊಡುವ ನರ್ಸರಿಗಳು ಸೇಲಂ, ನಾಮಕ್ಕಲ್‌ಗಳಲ್ಲೂ ಬೇಕು, ತೈ ನಿನ್ಹ್‌ನಲ್ಲೂ ಬೇಕು. ಸರ್ಕಾರಗಳು ಮರಗೆಣಸಿಗೆಂದು ಇಡುವ ಹಣದಲ್ಲಿ ಮೊದಲ ಪಾಲು ಇವಕ್ಕೇ ಹೋಗಬೇಕು.